ಒಂದೇ ಕರೆಗೆ ಓ ಅನ್ನಬಾರದು

ಮೊನ್ನೆ ಕಪಾಟು ಖಾಲಿ ಮಾಡುವಾಗ ನನ್ನ ಹಳೆಯ ಮ್ಯಾನೇಜರ್ ಕೋಟು ಕೈಗೆ ಬಂತು ನೋಡಿ. ಎರಡು ಸಲ ತೊಳೆಸಿದ್ದರೂ ತೋಳಿನಲ್ಲಿ ಕೆರೆ ಕೆಸರಿನ ವಾಸನೆ ಹಾಗೇ ಇದೆ. ಕೋಟು ಅಂದ ಕೂಡಲೇ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಬಿಳಗಿಯ ಹತ್ತಿರ, ಕೆರೆದಂಡೆಯ ರಿಸಾರ್ಟೊಂದರಲ್ಲಿ ಎಂಟು ಕೋಣೆ, ಎರಡು ಪೆಡಲ್ ದೋಣಿಗೆ ನಾನೇ ರಾಜ, ಅಷ್ಟೇ.

ತಿಂಡಿಯಾದ ಮೇಲೆ ಪ್ರವಾಸಿಗರೆಲ್ಲ ಬಸದಿ, ಗೋಲಬಾವಿ ನೋಡಲು ಬಿಳಗಿಗೆ ಹೋಗಿಬಿಡುತ್ತಿದ್ದರು. ಆಮೇಲಿನ ಆ ನಡುಹಗಲು ನನಗೆ ಸೇರುತ್ತಿರಲಿಲ್ಲ. ಎಲೆ ಅಲುಗದಿದ್ದರೂ ಖಾಲಿ ದೋಣಿಗಳು ಒಂದಕ್ಕೊಂದು ತಾಗಿ ಟಕ್ ಟಕ್ ಅನ್ನುತ್ತಿದ್ದವು. ಹೋಗಿ ಬಿಗಿಯಾಗಿ ಕಟ್ಟಿ ಬಂದರೂ ಅಷ್ಟೇ.

ಅಡುಗೆಯ ಗಂಗಕ್ಕನ ಮೇಲೆ ಪ್ರವಾಸಿಗರದು ಒಂದೇ ದೂರು: ಆಕೆಗೆ ಕಿವುಡು. ಕಿವುಡೂ ಇಲ್ಲ, ಮಣ್ಣೂ ಇಲ್ಲ! ಎರಡನೇ ಸಲ ಕರೆಯುವವರೆಗೆ ಆಕೆ ಬಾಯಿ ಬಿಡುತ್ತಿರಲಿಲ್ಲ, ಅಷ್ಟೇ. ಕೇಳಿದರೆ, "ಒಂದೇ ಕರೆಗೆ ಓ ಅನ್ನಲಾಗ ತಮಾ. ಮನುಷ್ಯರಾದ್ರೆ ಮತ್ತೆ ಕರೀತ. ಅದು ಕರೆಯೂದು ಒಂದೇ ಸಲ" ಅಂದಳು. ನನ್ನ ಅಮ್ಮನೂ ನನ್ನನ್ನು ಇದೇ ದೆವ್ವದ ಹೆದರಿಕೆಯಲ್ಲಿ ಬೆಳೆಸಿದವಳು. ಆದರೆ ಕೋಟು ಹಾಕಿದ್ದೆನಲ್ಲ, ನಕ್ಕೆ. ಅಡುಗೆಮನೆ ಬಾಗಿಲಿಗೆ ಚೀಟಿ ಅಂಟಿಸಿದೆ: ಒಂದೇ ಕರೆಗೆ ಓಗೊಡಬೇಕು.

"ಆತು, ನೀ ಹೇಳಿದಾಂಗೇ ಆಗ್ಲಿ" ಅಂದಳು.

ಅದಾಗಿ ವಾರವಾಗಿರಬಹುದು. ಅಂಥದೇ ನಡುಹಗಲು. ಅಡುಗೆಮನೆಯಲ್ಲಿ ರೇಡಿಯೊ ಹಾಡುತ್ತಿತ್ತು. ಅಂದರೆ ಗಂಗಕ್ಕ ಅಲ್ಲೇ ಇದ್ದಾಳೆ. ಆಗ ಕೆರೆಯ ಕಡೆಯಿಂದ ಅವಳದೇ ದನಿ ಬಂತು. "ತಮಾ!"

ಅವಳು ಒಳಗಿದ್ದರೆ ಅಲ್ಲಿ ಕರೆದದ್ದು ಯಾರು? ಓ ಅನ್ನಲು ತೆರೆದ ಬಾಯಿಯನ್ನು ಕೈಯಿಂದ ಮುಚ್ಚಿಕೊಂಡೆ. ಮನುಷ್ಯರಾದರೆ ಮತ್ತೆ ಕರೆಯಲಿ ಎಂದು ಮೇಜಿನ ಹಿಂದೆ ನಿಂತು ಕಾದೆ. ಮತ್ತೆ ಕರೆ ಬರಲಿಲ್ಲ. ರೇಡಿಯೊದಲ್ಲಿ ಹಾಡು ಮುಗಿದು ಇನ್ನೊಂದು ಶುರುವಾಯಿತು.

ಅಷ್ಟರಲ್ಲಿ ಪ್ರವಾಸಿಗರನ್ನು ಬಿಳಗಿಯಲ್ಲಿ ಬಿಟ್ಟು ಬಂದ ಡ್ರೈವರ್ ರಫೀಕ್, "ಅಯ್ಯೋ ಬನ್ನಿ, ಗಂಗಕ್ಕ ನೀರಲ್ಲಿ!" ಎಂದು ಕಿರುಚಿದ. ರೇಡಿಯೊ ಹಾಗೇ ಬಿಟ್ಟು ಪಾತ್ರೆ ತೊಳೆಯಲು ಹೋಗಿ ಪಾಚಿಯ ಮೆಟ್ಟಿಲ ಮೇಲೆ ಜಾರಿದ್ದಳು. ಕುತ್ತಿಗೆವರೆಗೂ ನೀರು, ಸೊಂಟದವರೆಗೂ ಕೆಸರು. ದೋಣಿಯ ಹಗ್ಗ ಬಲಗೈಗೆ ಸಿಕ್ಕಿತ್ತು, ಅದರಲ್ಲೇ ಜೋತಿದ್ದಳು. ಇಬ್ಬರೂ ಇಳಿದು ಎಳೆದೆವು. ಬದುಕಿಕೊಂಡಳು; ಬಲಗೈ ಮಾತ್ರ ಆಮೇಲೆ ಮೇಲೇಳಲಿಲ್ಲ.

ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತು, ತಡೆಯಲಾಗದೆ ಕೇಳಿಬಿಟ್ಟೆ. "ಇನ್ನೊಂದು ಸಲ ಯಾಕೆ ಕರೆಯಲಿಲ್ಲ ಗಂಗಕ್ಕ?"

"ನೀನೇ ಒಂದು ಸಲ ಸಾಕು ಹೇಳಿ ಚೀಟಿ ಬರೆದಿದ್ದೆಲ" ಅಂದಳು. ಸಿಟ್ಟಿರಲಿಲ್ಲ ಅವಳಲ್ಲಿ. "ನೀ ಬತ್ತೆ ಹೇಳಿ ನಾ ಸುಮ್ನಿದ್ದಿ."

ಆ ಕೆಲಸ ಬಿಟ್ಟೆ. ಈಗ ಶಿರಸಿಯಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ನಡುಹಗಲು ಹಿತ್ತಿಲ ಕಡೆಯಿಂದ ಯಾರೋ ಒಮ್ಮೆ ಕರೆದಂತಾಗುತ್ತದೆ. ಊಟದ ಕೈಯಲ್ಲೇ ಎದ್ದು ಓಡುತ್ತೇನೆ. "ಅಲ್ಲಿ ಯಾರೂ ಇಲ್ಲೆ" ಎಂದು ಹೆಂಡತಿ ರೇಗುತ್ತಾಳೆ. ಇರುವುದಿಲ್ಲ, ನಿಜ. ಆದರೂ ಬಾಗಿಲು ತೆರೆದು, ಆ ಖಾಲಿ ಬಿಸಿಲಿಗೆ "ಓ, ಬಂದೆ" ಅನ್ನುತ್ತೇನೆ.