ಮೊದಲ ಮಳೆಯ ನೀರು

ಗಾಳಿಯಲ್ಲಿ ಏನಿದೆ ಎಂದು ತಿಳಿಯಲು ಮಳೆಗಿಂತ ಒಳ್ಳೆಯ ಸಾಕ್ಷಿ ಇಲ್ಲ. ತಿಂಗಳುಗಟ್ಟಲೆ ಮೇಲೆ ತೇಲಿದ ಮಸಿ, ಗಂಧಕ ಎಲ್ಲವನ್ನೂ ಬೇಸಿಗೆಯ ಮೊದಲ ಮಳೆ ತೊಳೆದು ಕೆಳಗಿಳಿಸುತ್ತದೆ. ಅದನ್ನು ಹಿಡಿದು ಪರೀಕ್ಷಿಸುವುದೇ ಆಗ ನನ್ನ ಉದ್ಯೋಗ. ಎಂಬತ್ತರ ದಶಕದ ಕೊನೆಯಲ್ಲಿ ರಾಣೆಬೆನ್ನೂರಿನ ನಮ್ಮಕ್ಕನ ಮಾಳಿಗೆಯ ಮೇಲೂ ಒಂದು ಬಾಟಲಿ, ಅದರ ಬಾಯಿಗೊಂದು ಲಾಳಿಕೆ ಇಟ್ಟೆ. ಮನೆಯ ಹಿಂದೆಯೇ ಇಟ್ಟಿಗೆ ಭಟ್ಟಿಗಳು. ಅಕ್ಕನಿಗೆ ಉಬ್ಬಸ. ನೀರಿನಲ್ಲಿ ಹೊಗೆಯ ಗುರುತು ಸಿಕ್ಕರೆ ಭಟ್ಟಿಗಳನ್ನು ಊರಾಚೆ ಸಾಗಿಸುವುದಾಗಿ ನಮ್ಮ ಇಲಾಖೆಯ ಸಾಹೇಬರೊಬ್ಬರು ಮಾತು ಕೊಟ್ಟಿದ್ದರು. ನಾನು ಓದಿದ್ದು ನನ್ನವರಿಗೆ ಉಪಯೋಗಕ್ಕೆ ಬರುವ ಸಂದರ್ಭ ಅದೊಂದೇ.

"ಮಳಿ ನಿಂತ ಕೂಡ್ಲೆ ಮುಚ್ಚಳ ಹಾಕಿ ಒಳಗ ಇಡು" ಎಂದೆ.

"ಅಷ್ಟೂ ತಿಳಿಯೂದಿಲ್ಲೇನ ನನಗ?" ಎಂದಳು.

ಮಳೆಯಾದ ವಾರ ಹಾವೇರಿ, ಬ್ಯಾಡಗಿಗಳ ಬಾಟಲಿಗಳನ್ನೂ ಕೂಡಿಸಿಕೊಂಡು ಪ್ರಯೋಗಾಲಯಕ್ಕೆ ಹೋದೆ. ಬ್ಯಾಡಗಿಯದರಲ್ಲಿ ಮೆಣಸಿನಕಾಯಿ ಪುಡಿ ತೇಲುತ್ತಿತ್ತು. ಮುಚ್ಚಳ ತೆಗೆದವರೆಲ್ಲ ಸೀನಿದರು. ಅಕ್ಕನ ನೀರು ಮಾತ್ರ ತಿಳಿಯಾಗಿತ್ತು. ನಂಬಿಕೆ ಬಾರದೆ ಮತ್ತೆ ಪರೀಕ್ಷೆ ಮಾಡಿದೆ. ಅದೇ ಉತ್ತರ. ಗಾಳಿ ಶುದ್ಧವಾಗಿದೆ ಎಂದು ವರದಿ ಹೋಯಿತು, ಭಟ್ಟಿಗಳು ಇದ್ದಲ್ಲೇ ಉಳಿದವು.

ಚಳಿಗಾಲದಲ್ಲಿ ಊರಿಗೆ ಹೋದಾಗ ಈ ಸೋಜಿಗವನ್ನು ಅಕ್ಕನ ಮುಂದೆ ಹೇಳಿದೆ. ಅವಳು ನಕ್ಕಳು.

"ಮೊದಲನೇ ಮಳಿ ನೀರು ಯಾರರ ಹಿಡೀತಾರೇನು? ಕರ್ರಗ ಬಂದಿತ್ತು. ಚೆಲ್ಲಿ, ಬಾಟ್ಲಿ ಬೂದಿ ಹಚ್ಚಿ ತಿಕ್ಕಿ, ಮರುದಿನದ ಮಳಿ ನೀರು ಹಿಡದಿಟ್ಟೆ. ದೊಡ್ಡ ಆಫೀಸಿಗೆ ಒಯ್ಯಾಂವ ನೀ, ಹೊಲಸು ನೀರು ಹೆಂಗ ಕೊಡ್ಲಿ?"

ನಮ್ಮ ಕಡೆ ಮಾಳಿಗೆ ನೀರು ಹಿಡಿಯುವ ಎಲ್ಲರೂ ಮಾಡುವುದು ಅದನ್ನೇ. ಯಾರ ಮೇಲೆ ಸಿಟ್ಟು ಮಾಡಲಿ?

"ನನಗ ಆ ಹೊಲಸ ಬೇಕಾಗಿತ್ತು, ಅಕ್ಕ" ಎಂದೆ. ಅವಳ ನಗು ನಿಂತಿತು.

ಇನ್ನೊಂದು ಮಳೆಗಾಲಕ್ಕೆ ಅವಕಾಶ ಕೊಡಿ ಎಂದು ಸಾಹೇಬರ ಬೆನ್ನು ಹತ್ತಿದೆ. ವರದಿ ಮುಗಿದಿದೆ ಎಂದರು. ಅಷ್ಟರಲ್ಲಿ ಭೂಮಿಯೇ ಬಿಸಿಯಾಗುತ್ತಿದೆ ಎಂಬ ಮಾತು ಜೋರಾಗಿ, ಹಣವೆಲ್ಲ ಅತ್ತ ಹರಿಯಿತು. ನನ್ನನ್ನೂ ಅತ್ತಲೇ ದೂಡಿದರು. ಇಡೀ ಭೂಮಂಡಲದ ಚಿಂತೆ ಹೊತ್ತವರಿಗೆ ಒಂದು ಹಿತ್ತಲಿನ ಹೊಗೆ ಯಾವ ಲೆಕ್ಕ. ಆ ಸಂಕಟ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಅಕ್ಕ ಮಾತ್ರ ಬಿಡಲಿಲ್ಲ. ಪ್ರತಿ ವರ್ಷ ಮೊದಲ ಮಳೆ ಹಿಡಿದಿಟ್ಟು, ನಾನು ಹೋದಾಗ ತಂದು ಕೊಡುತ್ತಿದ್ದಳು. ನೀರಿನ ತಳದಲ್ಲಿ ಮಸಿ ಕೂತಿರುತ್ತಿತ್ತು. ತೊಂಬತ್ತರ ದಶಕದ ನಡುವೆ ಒಮ್ಮೆ, ಬಾಗಿಲ ಚೌಕಟ್ಟು ಹಿಡಿದು ನಿಂತು, ಉಸಿರು ಸಿಗುವ ತನಕ ತಡೆದು ಹೇಳಿದಳು: "ತೊಗೊಂಡ ಹೋಗು. ಖರೇನ, ತೊಳದಿಲ್ಲ ನಾ."

ಇದನ್ನು ಕೇಳುವವರು ಎಲ್ಲೂ ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಬಾಟಲಿ ಒಯ್ದೆ.

ಮುಂದಿನ ಬೇಸಿಗೆಯಲ್ಲಿ ಅಕ್ಕ ತೀರಿಕೊಂಡಳು. ಮಣ್ಣು ಕೊಟ್ಟು ಮನೆಗೆ ಬರುವಾಗ ಮಳೆ ಹಿಡಿಯಿತು, ಆ ವರ್ಷದ ಮೊದಲನೆಯದು. ಮಾಳಿಗೆ ಹತ್ತಿ ನೋಡಿದೆ. ಲಾಳಿಕೆ ಸಮೇತ ಬಾಟಲಿ ಇಟ್ಟೇ ಇದ್ದಳು.