ಬಬಲೇಶ್ವರದ ಬೀದಿಯಲ್ಲಿ ನಿಂತ ಬ್ಯಾಂಡು

ಮೊನ್ನೆ ಸೊಸೆ ಹಿತ್ತಾಳೆ ಕೊಡಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಬ್ಯಾಂಡ್ ಮಾಸ್ತರು ನೆನಪಾದರು. ಎಪ್ಪತ್ತರ ದಶಕದಲ್ಲಿ, ಇಬ್ರಾಹಿಂಪುರದ ಅವರ ಅಂಗಳದಲ್ಲಿ ಕೂತು ನಾವು ಏಳು ಮಂದಿ ತುತ್ತೂರಿಗಳನ್ನು ಹೀಗೆಯೇ ಬೆಳಗುತ್ತಿದ್ದೆವು. ಮಾಸ್ತರರದು ಕ್ಲಾರಿನೆಟ್, ನನ್ನದು ಡ್ರಮ್. ಮದುವೆಗಳಲ್ಲಿ ಸಿನಿಮಾ ಹಾಡು ಊದಿ ಊದಿ ಅವರಿಗೆ ಸಾಕಾಗಿ ಹೋಗಿತ್ತು.

ಒಂದು ದಿನ ಗೋಲಗುಮ್ಮಟ ನೋಡಲು ಕೆನಡಾದವನೊಬ್ಬ ಗಿಟಾರ್ ಹೊತ್ತು ಬಂದಿದ್ದ. ತನ್ನ ದೇಶದಲ್ಲಿ ಅವನದೂ ಒಂದು ಬ್ಯಾಂಡಂತೆ. ನಾನೂ ಮಾಸ್ತರೂ ಅವನ ಬೆನ್ನು ಹತ್ತಿ ಒಳಗೆ ಹೋದೆವು. ಗುಮ್ಮಟದೊಳಗೆ ತಂತಿ ಮೀಟಿ, ತಟ್ಟನೆ ಕೈ ತೆಗೆದ. ಅವನು ನಿಲ್ಲಿಸಿದರೂ ಗುಮ್ಮಟ ನಿಲ್ಲಿಸಲಿಲ್ಲ! ಮಾಸ್ತರು ನನ್ನ ರಟ್ಟೆ ಹಿಡಿದುಕೊಂಡರು.

"ಕೇಳಿದೇನಲೇ ತಮ್ಮಾ? ಅಂವ ಸುಮ್ನಾದ ಮ್ಯಾಲೂ ನುಡ್ಯಾಕತ್ತೈತಿ!"

ಅಲ್ಲಿಂದ ಅವರಿಗೆ ಹುಚ್ಚೇ ಹಿಡಿಯಿತು. ನಿಲ್ಲಿಸಿದ ಮೇಲೂ ಕಿವಿಯಲ್ಲಿ ನುಡಿಯುವಂಥ ತಮ್ಮದೇ ಒಂದು ಧಾಟಿ ಕಟ್ಟಿದರು. ಬಾಜಾ ಭರ್ಜರಿ ಏರಿದಾಗ ಎಲ್ಲರೂ ಒಮ್ಮೆಲೇ ನಿಲ್ಲಬೇಕು, ಮನಸ್ಸಿನಲ್ಲೇ ಎಂಟು ಎಣಿಸಬೇಕು, ಆಮೇಲೆ ಸಿಡಿಲಿನ ಹಾಗೆ ಎತ್ತಿಕೊಳ್ಳಬೇಕು. ಉಳಿದವರು ಗೊಣಗಿದರು. ಒಂದೇ ಒಂದು ಮದುವೆಯಲ್ಲಿ ನುಡಿಸೋಣ, ಜನ ಬೈದರೆ ಮಾಸ್ತರು ಇನ್ನೆಂದೂ ಸ್ವಂತ ಧಾಟಿಯ ಮಾತೆತ್ತಬಾರದು ಎಂದರು. ಮಾಸ್ತರು ಒಪ್ಪಿದರು. ಒಪ್ಪುವಾಗಿನ ಅವರ ಮುಖ ನನಗೆ ನೋಡಲಾಗಲಿಲ್ಲ…

ಆ ಮದುವೆ ಬಬಲೇಶ್ವರದ್ದು. ಮದುಮಗನ ಮೆರವಣಿಗೆ ನಡೆದಿತ್ತು, ಧಾಟಿ ಏರಿತು. ನಿಲ್ಲಿಸಿದೆವು. ಒಂದು, ಎರಡು, ಮೂರು… ಸಾವಾದ ಮನೆ ಎದುರಾದರೆ ಮೆರವಣಿಗೆಯ ಬಾಜಾ ನಿಲ್ಲಿಸುವುದು ನಮ್ಮ ಕಡೆಯ ಪದ್ಧತಿ. ಮಾಸ್ತರು ಅದನ್ನೇ ಮರೆತಿದ್ದರು! ಕುಣಿಯುತ್ತಿದ್ದವರೆಲ್ಲ ನಿಂತಲ್ಲೇ ನಿಂತರು. ಹಿರಿಯರು ಕೈ ಮುಗಿದರು. ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಯಾರ ಹೋದರ್ರಿ?" ಎಂದ, ಕುದುರೆ ಮೇಲಿನ ಮದುಮಗ.

ಎಲ್ಲರ ಕಣ್ಣೂ ಎದುರಿನ ಮನೆಯ ಮೇಲೆ. ಆ ಕಟ್ಟೆಯ ಮೇಲೆ ಕೂತಿದ್ದ ಮುದುಕಿ ರೇಗಿ ಎದ್ದಳು.

"ಯಾರೂ ಹೋಗಿಲ್ಲೋ ಯಪ್ಪಾ! ನಾ ಗಟ್ಟಿ ಅದೀನಿ, ಬಾರಸ್ರಿ!"

ಅಷ್ಟಕ್ಕೆ ಸರಿಯಾಗಿ ನಮ್ಮ ಎಂಟು ಮುಗಿಯಿತು. ಏಳೂ ಜನ ಒಟ್ಟಿಗೆ ಎತ್ತಿಕೊಂಡೆವು. ಬೀದಿಗೆ ಬೀದಿಯೇ ನಕ್ಕು ಕುಣಿಯಿತು, ಮುದುಕಿಯೂ ಇಳಿದು ಬಂದು ಎರಡು ಹೆಜ್ಜೆ ಹಾಕಿದಳು. "ಇನ್ನೊಮ್ಮೆ ನಿಲ್ಲಸ್ರಿ ಮಾಸ್ತರ!" ಎಂದು ಜನ ಬಿಡಲೊಲ್ಲರು. ಮಾಸ್ತರು ಊದುತ್ತಲೇ ಇದ್ದರು, ಕಣ್ಣೀರು ಗಡ್ಡಕ್ಕಿಳಿಯುತ್ತಿತ್ತು. ನನ್ನ ಜೀವಮಾನದಲ್ಲಿ ಅಂಥ ಖುಷಿ ಮತ್ತೆ ಸಿಕ್ಕಿಲ್ಲ.

ಆಮೇಲೆ ನಾಲ್ಕು ವರ್ಷ ತಿಕೋಟಾ, ಮಮದಾಪುರ, ಎಲ್ಲಿ ಹೋದರೂ ಅದೇ ಧಾಟಿಗೆ ಬೇಡಿಕೆ. ನಂತರ ಮಾಸ್ತರರ ಎದೆ ಸೋತಿತು, ಊದಲಾಗಲಿಲ್ಲ. ಅವರು ತೀರಿಕೊಂಡ ಮೇಲೆ ನಾವೂ ದಿಕ್ಕಿಗೊಬ್ಬರಾದೆವು.

ಆ ಧಾಟಿಯನ್ನು ಯಾರೂ ಬರೆದಿಡಲಿಲ್ಲ. ಈಗಲೂ ಕೂತಲ್ಲೇ ತೊಡೆಯ ಮೇಲೆ ನನ್ನ ಪೆಟ್ಟುಗಳನ್ನು ಹಾಕಿಕೊಳ್ಳುತ್ತೇನೆ, ಒಂದೂ ತಪ್ಪುವುದಿಲ್ಲ. ಮಾಸ್ತರು ಊದಿದ್ದು ಮಾತ್ರ ಒಂದು ಸ್ವರವೂ ನೆನಪಾಗುವುದಿಲ್ಲ… ನಾಲ್ಕು ವರ್ಷ ಅವರ ಪಕ್ಕದಲ್ಲೇ ನಿಂತಿದ್ದೆ, ಅದನ್ನು ಕಲಿತುಕೊಳ್ಳಲಿಲ್ಲ.