ಕೆಜಾಯಾ ಕಾಯ್ದ ಉತ್ತರದ ಗೋಡೆ

ಗಂಡ ತೀರಿಕೊಂಡ ಮೇಲೆ ಕೆಜಾಯಾ ಲಾರ್ಟರ್ ಸಾಲಿಂಗ್‌ಹ್ಯಾಮ್ ಎಂಬ ಹಳ್ಳಿಯ ಚರ್ಚನ್ನು ಗುಡಿಸಿ ಒರೆಸುವ ಕೆಲಸ ಹಿಡಿದಳು. ಚಕಮಕಿ ಕಲ್ಲಿನ ದುಂಡು ಗೋಪುರ, ತೊಲೆಗಳ ತುದಿಯಲ್ಲಿ ರೆಕ್ಕೆ ಬಿಚ್ಚಿ ನಿಂತ ಮರದ ದೇವದೂತರು, ತಲೆಮಾರುಗಳು ಕೂತೆದ್ದು ನುಣುಪಾದ ಬೆಂಚುಗಳು ಎಲ್ಲವೂ ಮೊದಮೊದಲು ಅವಳಿಗೆ ಧೂಳು ಕೂರುವ ಜಾಗಗಳಷ್ಟೇ. ಉದ್ದನೆಯ ಕೋಲಿಗೆ ಹೆಬ್ಬಾತಿನ ಗರಿ ಕಟ್ಟಿಕೊಂಡು ದೇವದೂತರ ಮೂಗು ಒರೆಸುತ್ತಿದ್ದಳು.

ಮಗಳು ಮದುವೆಯಾಗಿ ಪಕ್ಕದೂರಿಗೆ ಹೋದ ಮೇಲೆ ಊರಲ್ಲಿ ಅವಳಿಗೆ ತನ್ನವನೆಂದು ಇದ್ದವನು ತಮ್ಮ ರೂಬೆನ್. ತಾಯಿ ಸತ್ತಾಗ ಅವನಿನ್ನೂ ಅಂಬೆಗಾಲಿಡುವ ಕೂಸು. ಕೆಜಾಯಾಳೇ ಎತ್ತಿ ಆಡಿಸಿ ಬೆಳೆಸಿದಳು. ಈಗ ಅವನು ಊರಿನ ಕಲ್ಲುಕುಟಿಗ. ಮದುವೆಯಾಗಿ ಮಕ್ಕಳಾದರೂ ಭಾನುವಾರದ ಊಟಕ್ಕೆ ಅಕ್ಕನ ಮನೆಗೇ ಬರುತ್ತಿದ್ದ.

ಒಂದು ವರ್ಷ ಮಳೆ ಬಿಡದೆ ಹಿಡಿಯಿತು. ಬಾಗಿಲಿಗೆ ಎದುರಾಗಿದ್ದ ಉತ್ತರದ ಗೋಡೆಯ ಪಾಚಿ ಉಜ್ಜುತ್ತಿದ್ದಾಗ ಸುಣ್ಣದ ಹಕ್ಕಳೆಯೊಂದು ಕಳಚಿ ಬಿತ್ತು. ಒಳಗಿನಿಂದ ಒಂದು ಕಣ್ಣು ಅವಳನ್ನೇ ನೋಡಿತು.

ಅವಳು ಪಾದ್ರಿಗೆ ಹೇಳಲಿಲ್ಲ, ತಮ್ಮನನ್ನು ಕರೆತಂದಳು. ರೂಬೆನ್ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ನೋಡಿ, "ಸುಣ್ಣದ ಹಿಂದೆ ದೊಡ್ಡಾಳು ನಿಂತವ್ನೆ ಅಕ್ಕ. ಮೆಲ್ಲಗೆ ಎಬ್ಬಿಸ್ಬೇಕು" ಅಂದ. ಬಿಡುವಾದಾಗಲೆಲ್ಲ ಇಬ್ಬರೂ ಬಣ್ಣ ಕೆಡದಂತೆ ತಂಗಳು ಬ್ರೆಡ್ಡಿನ ತಿರುಳಿನಿಂದ ಉಜ್ಜಿದರು. ಗಡ್ಡದ ಮುಖ ಬಂತು, ಆಮೇಲೆ ಹೆಗಲ ಮೇಲೊಂದು ಮಗು. ಬಾಲ ಯೇಸುವನ್ನು ಹೊತ್ತು ಹೊಳೆ ದಾಟಿಸುವ ಸಂತ ಕ್ರಿಸ್ಟೋಫರನ ಚಿತ್ರ. ಹಳೆಯ ಕ್ಯಾಥೊಲಿಕ್ ಮತದ ಚಿತ್ರಗಳನ್ನೆಲ್ಲ ಅಳಿಸಬೇಕೆಂದು ಮುನ್ನೂರು ವರ್ಷದ ಹಿಂದೆ ಅರಸರ ಅಪ್ಪಣೆಯಾದಾಗ ಯಾರೋ ಸುಣ್ಣ ಬಳಿದಿದ್ದರು. ಅಕ್ಕ ತಮ್ಮ ಅಷ್ಟಕ್ಕೇ ನಿಲ್ಲಿಸಿ, ಮೂಲೆಯಲ್ಲಿದ್ದ ಹತ್ತು ಆಜ್ಞೆಗಳ ಹಲಗೆಯನ್ನು ಅದರ ಮುಂದೆ ಆನಿಸಿ ನಿಲ್ಲಿಸಿದರು. ಕೆಜಾಯಾ ದಿನಾ ಹಲಗೆ ಸರಿಸಿ ನೋಡುವಳು. ಅವಳ ಬಾಳಿನಲ್ಲಿ ಅವಳದೇ ಅನ್ನುವಂಥದ್ದು ಅದೊಂದೇ.

ಮರುವರ್ಷ ಚರ್ಚಿನ ಜೀರ್ಣೋದ್ಧಾರದ ಮಾತು ಬಂತು. ಗಾರೆಯೆಲ್ಲ ಕಿತ್ತು ಕಲ್ಲು ಕಾಣಿಸಬೇಕೆಂದು ಲಂಡನ್ನಿನ ವಾಸ್ತುಶಿಲ್ಪಿ ಹೇಳಿಹೋದ. ಕೆಜಾಯಾ ಅವತ್ತೇ ತಮ್ಮನ ಹತ್ತಿರ ಓಡಿದಳು.

"ಉಳಿ ಹಿಡಿಯೋನು ನಾನೇ ತಾನೇ?" ಅಂದ ರೂಬೆನ್. "ಆ ಗೋಡೆ ಮುಟ್ಟಲ್ಲ. ನಿನ್ನಾಣೆಗೂ ಮುಟ್ಟಲ್ಲ."

ಆ ಬೇಸಿಗೆಯಲ್ಲಿ ಅವಳು ಮಗಳ ಬಾಣಂತನಕ್ಕೆಂದು ಪಕ್ಕದೂರಿಗೆ ಹೋದಳು. ತಿರುಗಿ ಬಂದಾಗ ಉತ್ತರದ ಗೋಡೆ ಬೋಳು ಕಲ್ಲಾಗಿತ್ತು. ರೂಬೆನ್ ಅವಳ ಅಡಿಗೆಮನೆಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ. "ತೇವ ಹಿಡಿದಿತ್ತು ಅಕ್ಕ. ಪಕ್ಕದ ಗಾರೆ ತೆಗೀತಿದ್ದಂಗೆ ತಾನಾಗೇ ಉದುರಿಬಿತ್ತು."

ಅವಳು ತನ್ನ ದುಃಖ ನುಂಗಿಕೊಂಡು ಅವನ ತಲೆ ನೇವರಿಸಿದಳು. "ಹೋಗ್ಲಿ ಬಿಡೋ. ನೀನೇನ್ ಮಾಡ್ತೀಯ?"

ಸುಗ್ಗಿಯ ಔತಣದಲ್ಲಿ ಪಾದ್ರಿ ಅವಳ ಬಳಿ ಬಂದು ನಿಂತರು. "ನಿಮ್ಮ ತಮ್ಮ ನಿಯತ್ತಿನ ಮನುಷ್ಯ, ಮಿಸೆಸ್ ಲಾರ್ಟರ್. ಆ ಹಳೇ ಮತದ ಬೊಂಬೆ ಅಲ್ಲಿರೋದು ಅವರು ಬಂದು ಹೇಳದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ. ಮೊದಲ ದಿನವೇ ತೆಗೆಸಿದ್ವಿ. ಅಂಥವರಿಗಲ್ಲದೆ ಇನ್ಯಾರಿಗೆ ಮೇಸ್ತ್ರಿಕೆ ಕೊಡೋದು?"

ಕೈಯಲ್ಲಿದ್ದ ಬಟ್ಟಲನ್ನು ಅವಳು ಮೇಜಿನ ಮೇಲಿಟ್ಟಳು. ನೆಟ್ಟಗೆ ತಮ್ಮನ ಮನೆಗೆ ನಡೆದಳು.

ರೂಬೆನ್ ತಲೆ ತಗ್ಗಿಸಿದ. "ನಾನು ಹೇಳದಿದ್ರೆ ಹೊರಗಿನ ಮೇಸ್ತ್ರಿ ಬರ್ತಿದ್ದ ಅಕ್ಕ. ಅವನು ಬಿಡ್ತಿದ್ನಾ? ಗೋಡೆ ಹೆಂಗೂ ಹೋಗೋದಿತ್ತು."

"ಗೋಡೆ ಹಾಳಾಗ್ಲಿ. ಅವತ್ತು ನನ್ ಮುಂದೆ ಕೂತು ಅತ್ಯಲ್ಲೋ, ನಾನು ನಿನ್ ತಲೆ ನೇವರಿಸ್ದೆ."

ಭಾನುವಾರದ ಊಟ ಅಲ್ಲಿಗೆ ನಿಂತಿತು.

ಚಳಿಗಾಲ ಕಳೆದ ಮೇಲೆ ರೂಬೆನ್ ದಕ್ಷಿಣದ ಬಾಗಿಲಿನ ಕಮಾನನ್ನು ಹೊಸದಾಗಿ ಕಟ್ಟಿದ. ಕಮಾನಿನ ಎರಡು ತುದಿಗೂ ಒಂದೊಂದು ಮುಖ ಕೆತ್ತುವುದು ವಾಡಿಕೆ. ಒಂದು ಕಡೆ ಅರಸ. ಇನ್ನೊಂದು ಕಡೆ ಅವನು ಕೆತ್ತಿದ್ದು ಅಕ್ಕನ ಮುಖವನ್ನೇ, ಕುಲಾವಿಯ ಗಂಟಿನ ಸಮೇತ. ಊರವರು ನೋಡಿ ಮೆಚ್ಚಿದರು. ಕೆಜಾಯಾ ಪಾದ್ರಿಯ ಮನೆಗೆ ಹೋಗಿ, "ಅದನ್ನ ತೆಗೆಸಿಬಿಡಿ ಅಯ್ಯನವರೇ" ಅಂದಳು.

"ಇಷ್ಟು ಚೆನ್ನಾಗಿದೆ, ಯಾಕೆ ಕೆಡಿಸೋದು?" ಅಂದರು ಪಾದ್ರಿ. "ನಿಮಗದು ಗೌರವ."

ಅವಳು ಕೆಲಸ ಬಿಡಲಿಲ್ಲ. ದೇವದೂತರ ಧೂಳು ಒರೆಸುತ್ತಲೇ ಇದ್ದಳು. ಆದರೆ ಆ ಕಮಾನಿನ ಕೆಳಗೆ ಮತ್ತೆ ಕಾಲಿಡಲಿಲ್ಲ. ಪಾದ್ರಿಗಳು ಓಡಾಡುವ ಸಣ್ಣ ಬಾಗಿಲಿನಿಂದ ಬಗ್ಗಿ ಒಳಗೆ ಬರುತ್ತಿದ್ದಳು. ವರ್ಷಗಳು ಕಳೆದು ರೂಬೆನ್ ಅವಳಿಗಿಂತ ಮೊದಲೇ ತೀರಿಕೊಂಡ, ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡು. ಮಣ್ಣಿನ ದಿನ ಅವಳು ಆ ಸಣ್ಣ ಬಾಗಿಲಿನಿಂದಲೇ ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಹಿಡಿ ಮಣ್ಣು ಹಾಕಿದಳು. ನಾದಿನಿ ಅಳುತ್ತಾ ತೋಳು ಹಿಡಿದು, "ಒಂದ್ಸಲ ಕ್ಷಮಿಸ್ದೆ ಅಂತನಾದ್ರೂ ಹೇಳಿ ಅತ್ತಿಗೆ" ಅಂದಾಗ, "ಅವನು ಕ್ಷಮೆ ಕೇಳಲೇ ಇಲ್ವಲ್ಲಮ್ಮ" ಅಂದು ಮೆಲ್ಲಗೆ ಕೈ ಬಿಡಿಸಿಕೊಂಡಳು.